ಆಲ್‌ಝೈಮರ್ ಕಾಯಿಲೆಯ ಔಷಧ ಶೋಧನೆಯಲ್ಲಿ ಯಂತ್ರಕಲಿಕೆ: ಹಾಸನ ಜಿಲ್ಲೆಯ ನಾಗರಿಕರಿಗೆ ಮಾಹಿತಿ

ವೃದ್ಧರ ಜ್ಞಾಪಕಶಕ್ತಿ, ಮಾತು ಹಾಗೂ ವಿವೇಚನೆಯನ್ನು ಕ್ರಮೇಣ ಕುಂದಿಸುವ ಆಲ್‌ಝೈಮರ್ ಕಾಯಿಲೆಯನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧವು ಇದುವರೆಗೆ ದೊರೆತಿರುವುದಿಲ್ಲ. ಡೊನೆಪೆಜಿಲ್ ಮುಂತಾದ ಔಷಧಗಳು ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡಲು ನೆರವಾಗುತ್ತವೆ. ಗಣಕಯಂತ್ರವು ಹೊಸ ಔಷಧವನ್ನು ಪತ್ತೆಮಾಡಿದೆ ಎಂಬ ಸುದ್ದಿಯನ್ನು ಓದಿ ಔಷಧದ ಅಂಗಡಿಗೆ ತೆರಳುವ ಮುನ್ನ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅಗತ್ಯ.

ಶೋಧನೆಯ ವಿಧಾನ

ಅಪಾರ ಮಾಹಿತಿಯಿಂದ ಗಣಕಯಂತ್ರವು ತಾನಾಗಿಯೇ ಹೋಲಿಕೆಗಳನ್ನು ಗುರುತಿಸುವಂತೆ ಮಾಡುವ ವಿಧಾನವೇ ಯಂತ್ರಕಲಿಕೆ. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು, ರೋಗದ ವಿವಿಧ ಹಂತಗಳಲ್ಲಿ ಮೃತಪಟ್ಟವರ ಮಿದುಳಿನ ವಂಶವಾಹಿಗಳ ಮಾಹಿತಿಯನ್ನು ಯಂತ್ರಕ್ಕೆ ಕಲಿಸಿ, ಬೇರೆ ಕಾಯಿಲೆಗಳಿಗಾಗಿ ಬಳಕೆಯಲ್ಲಿರುವ ಅಥವಾ ಮನುಷ್ಯರ ಮೇಲೆ ಪರೀಕ್ಷಿತವಾದ 80 ಔಷಧಗಳನ್ನು ಪರಿಶೀಲಿಸಿ 2021ರಲ್ಲಿ ಪಟ್ಟಿಯೊಂದನ್ನು ಪ್ರಕಟಿಸಿದರು. ಇಂತಹ ಪಟ್ಟಿಯು ಮುಂದೆ ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ಸೂಚಿಸುತ್ತದೆಯೇ ಹೊರತು ಚಿಕಿತ್ಸೆಯ ಶಿಫಾರಸು ಆಗಿರುವುದಿಲ್ಲ.

ಎಚ್ಚರಿಕೆಗೆ ಒಂದು ನಿದರ್ಶನ

2021ರಲ್ಲಿಯೇ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ತಂಡವು 1,600ಕ್ಕೂ ಹೆಚ್ಚು ಔಷಧಗಳನ್ನು ಗಣಕಯಂತ್ರದ ಮೂಲಕ ಶೋಧಿಸಿ ಸಿಲ್ಡೆನಾಫಿಲ್ ಎಂಬ ಔಷಧವನ್ನು ಗುರುತಿಸಿತು. 70 ಲಕ್ಷಕ್ಕೂ ಅಧಿಕ ವಿಮಾದಾರರ ದಾಖಲೆಗಳಲ್ಲಿ, ಅದನ್ನು ಬಳಸಿದವರಿಗೆ ಈ ಕಾಯಿಲೆ ತಗಲುವ ಸಂಭವವು ಶೇ. 69ರಷ್ಟು ಕಡಿಮೆ ಎಂದು ಕಂಡುಬಂದಿತು. ಆದರೆ 2022ರಲ್ಲಿ ಬೇರೆ ವಿಮಾ ದಾಖಲೆಗಳನ್ನು ಪರಿಶೀಲಿಸಿದ ಮತ್ತೊಂದು ಅಧ್ಯಯನದಲ್ಲಿ ಅಂತಹ ಸಂಬಂಧವು ಕಂಡುಬರಲಿಲ್ಲ. ಮೊದಲನೆಯ ಸಂಖ್ಯೆಯು ಪತ್ರಿಕೆಗಳಲ್ಲಿ ಪಡೆದಷ್ಟು ಸ್ಥಳವನ್ನು ಎರಡನೆಯ ಫಲಿತಾಂಶವು ಪಡೆಯಲಿಲ್ಲವೆಂಬುದು ವಿಷಾದಕರ. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುತ್ತಿರುವ ವೃದ್ಧರು ಸಿಲ್ಡೆನಾಫಿಲ್ ಸೇವಿಸಿದಲ್ಲಿ ರಕ್ತದೊತ್ತಡವು ಹಠಾತ್ತನೆ ಕುಸಿದು ಪ್ರಾಣಾಪಾಯವಾಗಬಹುದು. ವೈದ್ಯರ ಚೀಟಿಯಿಲ್ಲದೆ ಇಂತಹ ಔಷಧಗಳನ್ನು ಸೇವಿಸತಕ್ಕದ್ದಲ್ಲ.

ಕರ್ನಾಟಕದಲ್ಲಿನ ಅಧ್ಯಯನ

ಯಂತ್ರವು ಯಾರ ಮಾಹಿತಿಯಿಂದ ಕಲಿಯುತ್ತದೆಯೋ ಅವರಿಗೆ ಹೊಂದುವ ಉತ್ತರವನ್ನೇ ನೀಡುತ್ತದೆ. ಮೇಲ್ಕಂಡ ದಾಖಲೆಗಳು ಬಹುತೇಕ ಅಮೆರಿಕದವರದ್ದು. ಅರಕಲಗೂಡಿನ ರೈತರ ಅಥವಾ ಚನ್ನರಾಯಪಟ್ಟಣದ ನಿವೃತ್ತ ಶಿಕ್ಷಕರ ಮಾಹಿತಿ ಅವುಗಳಲ್ಲಿಲ್ಲ. ಈ ಕೊರತೆಯನ್ನು ನೀಗುವಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಅಧ್ಯಯನವು ಮಹತ್ವದ್ದಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 45 ವರ್ಷ ಮೇಲ್ಪಟ್ಟ 10,000 ಜನರನ್ನು ದೀರ್ಘಕಾಲ ಪರೀಕ್ಷಿಸುವ ಗುರಿಯೊಂದಿಗೆ ಇದನ್ನು ಆರಂಭಿಸಲಾಯಿತು.

ಔಷಧ ಪ್ರಯೋಗದಲ್ಲಿ ಭಾಗವಹಿಸಲು ಇಚ್ಛಿಸುವವರಿಗೆ

ಪ್ರಯೋಗವು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು. ಈ ನೋಂದಣಿಯು 2009ರಿಂದ ಕಡ್ಡಾಯವಾಗಿದೆ. 2019ರ ನೂತನ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ವಯ ಲಿಖಿತ ಒಪ್ಪಿಗೆ ಅವಶ್ಯಕ. ರೋಗಿಯು ಒಪ್ಪಿಗೆ ನೀಡಲು ಅಸಮರ್ಥರಾಗಿದ್ದಲ್ಲಿ ಕಾನೂನುಬದ್ಧ ಪ್ರತಿನಿಧಿಯು ಸಹಿ ಮಾಡಬಹುದು. ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಹಕ್ಕು ಇರುತ್ತದೆ.

ಪರೀಕ್ಷೆಗಾಗಿ ಸಂಪರ್ಕ

ಅರವತ್ತಕ್ಕೆ ಅರಳು ಮರಳು ಎಂದು ಕಡೆಗಣಿಸಬಾರದು. ಥೈರಾಯ್ಡ್ ದೋಷ ಅಥವಾ ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಉಂಟಾಗಬಹುದಾಗಿದ್ದು, ಅವುಗಳಿಗೆ ಚಿಕಿತ್ಸೆಯಿದೆ. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ನಿವಾಸಿಗಳು ಮೊದಲಿಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಹೆಚ್ಚಿನ ತಪಾಸಣೆ ಅಗತ್ಯವಾದಲ್ಲಿ ಅವರ ಸಲಹಾ ಪತ್ರದೊಂದಿಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ತೆರಳಬಹುದು. ರೋಗಿಯು ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಗಳನ್ನು ತರತಕ್ಕದ್ದು. ಬದಲಾವಣೆಗಳನ್ನು ನಿತ್ಯ ಕಂಡಿರುವ ಮನೆಯವರೊಬ್ಬರು ಜೊತೆಯಲ್ಲಿರುವುದು ಸೂಕ್ತ. ಹಿರಿಯ ನಾಗರಿಕರ ಸಹಾಯವಾಣಿ: 14567.