ಮರಿ ಕಾಯುವ ಮರಳ ಮೀನಿಗೆ ರಬ್ಬರ್ ಕಪ್ಪೆಯ ಕಾಟ

ಗಾಳ ಬಂತು, ಅದರ ನಿಯಮ ಬರಲಿಲ್ಲ. ಮಳೆಗಾಲದಲ್ಲಿ ಕೆರೆಗೂ ಬೇಕು ರಜೆ

ಅಕ್ಕಲಕೋಟ: ಮಳೆ ಹಿಡಿದು ಕೆರೆಗೆ ಹೊಸ ನೀರು ಬಂದ ಮೇಲೆ, ದಂಡೆಯ ಜೊಂಡಿನ ಪಕ್ಕ ಒಂದು ಕಡೆ ನೀರು ಸಣ್ಣಗೆ ಕುದಿಯುವಂತೆ ಕಾಣುತ್ತದೆ. ಗಮನಿಸಿ ನೋಡಿದರೆ ಕೆಂಪು ಕಿತ್ತಳೆ ಬಣ್ಣದ ನೂರಾರು ಮರಿಗಳು ಒಟ್ಟಿಗೆ ಮೇಲೆ ಬಂದು, ಗಾಳಿ ಗುಟುಕರಿಸಿ, ಮತ್ತೆ ಕೆಳಗೆ ಇಳಿಯುತ್ತಿರುತ್ತವೆ. ಅವು ಮರಳ ಮೀನಿನ ಮರಿಗಳು. ಅವುಗಳ ಬುಡದಲ್ಲೇ, ಕಣ್ಣಿಗೆ ಬೀಳದ ಹಾಗೆ, ಹೆತ್ತ ಮೀನು ಕಾವಲು ನಿಂತಿರುತ್ತದೆ.

ಗಾಳ ಹಾಕುವವರಿಗೆ ಇದಕ್ಕಿಂತ ಸುಲಭದ ಗುರುತು ಬೇರೊಂದಿಲ್ಲ. ಆ ಕೆಂಪು ಗುಂಪಿನ ಮೇಲಿಂದ ಒಂದು ರಬ್ಬರ್ ಕಪ್ಪೆಯನ್ನು ಎಳೆದರೆ ಸಾಕು, ಕಾವಲಿನ ಮೀನು ಸಿಡಿದೇಳುತ್ತದೆ. ಹೊಟ್ಟೆ ಹಸಿದು ಅಲ್ಲ, ಮರಿಗಳ ಮೇಲೆ ಬಂದ ಶತ್ರುವನ್ನು ಓಡಿಸಲಿಕ್ಕೆ. ಗಾಳ ಸಿಕ್ಕಿಬೀಳುತ್ತದೆ, ಫೋಟೊ ಆಗುತ್ತದೆ, ಸಂಜೆ ಮನೆಯಲ್ಲಿ ಸಾರೂ ಆಗುತ್ತದೆ. ಆದರೆ ಕಾವಲು ಹೋದ ಮರಿಗಳ ಕಥೆ ಅಲ್ಲಿಗೇ ಮುಗಿಯುತ್ತದೆ.

ಈಚಿನ ವರ್ಷಗಳಲ್ಲಿ ಸೊಲ್ಲಾಪುರ ಜಿಲ್ಲೆಯ ಕೆರೆ, ಹೊಳೆ, ಡ್ಯಾಮುಗಳ ದಂಡೆಯಲ್ಲಿ ರಾಡು-ರೀಲು ಹಿಡಿದ ಹವ್ಯಾಸಿಗಳು ಕಾಣಿಸಿಕೊಳ್ಳುತ್ತಿದ್ದಾರೆ. ಹವ್ಯಾಸದಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಹಂಗಾಮಿನ ಆಯ್ಕೆಯಲ್ಲಿ.

ಎರೆಹುಳುವಿನಿಂದ ರಬ್ಬರ್ ಕಪ್ಪೆಗೆ

ಗಾಳ ಈ ಭಾಗಕ್ಕೆ ಹೊಸದಲ್ಲ. ಬಿದಿರ ಕೋಲು, ನೈಲಾನ್ ದಾರ, ತುದಿಗೆ ಒಂದು ಕೊಕ್ಕೆ, ಅದಕ್ಕೆ ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ. ಹಾಕಿ ಕೂತರೆ ಆಯಿತು. ದಾರಿಹೋಕರು ‘ಏನ್ರಿ, ಬಿತ್ತೇನು?’ ಅನ್ನುವುದು, ಕೂತವರು ‘ಇನ್ನೂ ಇಲ್ರಿ’ ಅನ್ನುವುದು ಎಲ್ಲ ಊರ ಕೆರೆ ದಂಡೆಯ ಮಾತು. ಮೃಗಾಲ, ಸೈಪ್ರಿನಸ್‌ನಂಥ ಮೀನು ಹಿಟ್ಟಿಗೆ ಬರುತ್ತವೆ. ಬೇಟೆಯಾಡಿ ತಿನ್ನುವ ಮೀನಿನ ರೀತಿಯೇ ಬೇರೆ. ಮರಳ ಮೀನಿಗೆ, ದೊಡ್ಡ ಬಾಯಿಯ ಬಾಳೆ ಮೀನಿಗೆ ಓಡಾಡುವ ಜೀವ ಬೇಕು. ಹಿಂದೆ ಅದಕ್ಕಾಗಿ ಜೀವಂತ ಕಪ್ಪೆಯನ್ನೋ ಸಣ್ಣ ಮೀನನ್ನೋ ಕೊಕ್ಕೆಗೆ ಚುಚ್ಚುತ್ತಿದ್ದರು. ಈಗ ಆ ಜಾಗಕ್ಕೆ ‘ಲೂರ್’ ಬಂದಿದೆ.

ಲೂರ್ ಅಂದರೆ ಹುಸಿ ಆಹಾರ. ತಿನ್ನಲಿಕ್ಕೆ ಅದರಲ್ಲಿ ಏನೂ ಇಲ್ಲ, ಎಲ್ಲವೂ ನಟನೆ. ಸ್ಪೂನ್ ಎಂಬುದು ಚಮಚದ ಬಟ್ಟಲಿನಂಥ ಲೋಹದ ತಗಡು. ಎಳೆದಾಗ ಓಲಾಡಿ ಮಿಂಚಿ ಗಾಯಗೊಂಡ ಮೀನಿನಂತೆ ಕಾಣುತ್ತದೆ. ಸ್ಪಿನ್ನರ್‌ನಲ್ಲಿ ತಗಡು ಗಿರಗಿರ ತಿರುಗುತ್ತದೆ. ರಬ್ಬರ್ ಕಪ್ಪೆಯ ಹೊಟ್ಟೆ ಪೊಳ್ಳು; ಎರಡು ಕೊಕ್ಕೆಗಳು ಮೈಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ. ಹೀಗಾಗಿ ಜೊಂಡು, ತಾವರೆ ಎಲೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಕುಗ್ಗಿ ಕೊಕ್ಕೆ ಹೊರಗೆ ಬರುತ್ತದೆ. ಕಚ್ಚಿದ ಕೂಡಲೇ ಎಳೆಯಬಾರದು, ಕ್ಷಣ ಹೊತ್ತು ತಡೆದು, ಮೀನು ಅದನ್ನು ಬಾಯಿಯೊಳಗೆ ತಗೊಂಡ ಮೇಲೆ ಎಳೆಯಬೇಕು. ಹೊಸಬರು ಅವಸರ ಮಾಡಿ ಕಳಕೊಳ್ಳುವುದು ಇಲ್ಲೇ.

ಪೈಕ್ ಮೀನಿನ ನಾಡಿನಿಂದ

ಈ ಸಾಮಾನುಗಳ ಮೂಲ ಯುರೋಪ್ ಮತ್ತು ಅಮೆರಿಕ. ಸ್ಪೂನ್‌ಗೆ ಅಮೆರಿಕದ ಜೂಲಿಯೊ ಬ್ಯುಯೆಲ್ 1852 ರಲ್ಲಿ ಪೇಟೆಂಟ್ ಪಡೆದಿದ್ದರು. ಮರ ಕೆತ್ತಿ ಮಾಡಿದ, ಓಲಾಡುತ್ತ ಈಜುವ ಮೀನಿನ ಲೂರನ್ನು ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ 1936 ರಲ್ಲಿ ತಯಾರಿಸಿದರು. ಆ ಕಡೆಯ ಸಿಹಿನೀರಿನಲ್ಲಿ ಲೂರ್‌ಗೆ ಬೀಳುವ ಪ್ರಮುಖ ಬೇಟೆ ಮೀನು ಪೈಕ್. ಉದ್ದ ಮೂತಿ, ಬಾಯಿ ತುಂಬ ಹಲ್ಲು. ಜಲಸಸ್ಯದ ಮರೆಯಲ್ಲಿ ಅಲುಗಾಡದೆ ನಿಂತು, ಹತ್ತಿರ ಬಂದ ಮೀನಿನ ಮೇಲೆ ಬಾಣದ ಹಾಗೆ ನುಗ್ಗುತ್ತದೆ.

ಭಾರತದ ನೀರಿನಲ್ಲಿ ಪೈಕ್ ಇಲ್ಲ. ಅದರ ಕೆಲಸವನ್ನು ಇಲ್ಲಿ ಮಾಡುವುದು ಮರಳ ಮೀನು. ಎರಡಕ್ಕೂ ರಕ್ತ ಸಂಬಂಧ ಇಲ್ಲ, ಬೇಟೆಯ ರೀತಿ ಮಾತ್ರ ಒಂದೇ. ಅದಕ್ಕಾಗಿಯೇ ಅಲ್ಲಿಯ ಲೂರ್ ಇಲ್ಲಿಯೂ ನಡೆಯುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಪೈಕ್ ಮೀನು ಜಲಸಸ್ಯದ ಮೇಲೆ ಮೊಟ್ಟೆ ಇಟ್ಟು ಹೊರಟು ಹೋಗುತ್ತದೆ, ಮರಿಯ ಗೊಡವೆ ಅದಕ್ಕಿಲ್ಲ. ಮರಳ ಮೀನು ಹಾಗಲ್ಲ.

ನೀರಲ್ಲೂ ಉಸಿರುಗಟ್ಟುವ ಮೀನು

ಮರಾಠಿಯಲ್ಲಿ ಮರಳ, ಕರ್ನಾಟಕದ ಹಲವೆಡೆ ಕುಚ್ಚು ಮೀನು, ತೆಲುಗಿನಲ್ಲಿ ಕೊರಮೀನು, ತಮಿಳಿನಲ್ಲಿ ವಿರಾಲ್. ಗಡಿ ದಾಟಿದಂತೆ ಹೆಸರು ಬದಲಾದರೂ ಮೀನು ಅದೇ. ತೆಲಂಗಾಣ ಸರ್ಕಾರ ಇದನ್ನು ರಾಜ್ಯ ಮೀನು ಎಂದು ಘೋಷಿಸಿದೆ. ತಲೆ ಹಾವಿನ ತಲೆಯಂತೆ ಚಪ್ಪಟೆ. ಇದರ ಹತ್ತಿರದ ಸಂಬಂಧಿ ಇನ್ನೊಂದು ಜಾತಿ ಮರಳ ಇನ್ನೂ ದೊಡ್ಡದಾಗಿ ಬೆಳೆಯುತ್ತದೆ.

ಕಿವಿರುಗಳಿದ್ದರೂ ಮರಳಿಗೆ ಅಷ್ಟೇ ಸಾಲದು. ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಬಲೆಯಲ್ಲಿ ಸಿಕ್ಕಿ ನೀರಿನಡಿಯೇ ಉಳಿದರೆ ಉಸಿರುಗಟ್ಟಿ ಸಾಯುತ್ತದೆ. ಅದೇ ಗುಣದಿಂದ ನೀರು ಬಿಟ್ಟ ಮೇಲೂ ಮೈ ಹಸಿಯಾಗಿದ್ದರೆ ಬಹಳ ಹೊತ್ತು ಬದುಕುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರಿನೊಳಗೆ ಸೇರಿ ಮಳೆಗೆ ಕಾಯುತ್ತದೆ. ಬರಗಾಲದ ನಾಡಿಗೆ ಹೇಳಿ ಮಾಡಿಸಿದಂಥ ಮೀನು ಇದು. ಸಂತೆಗೆ ಜೀವಂತ ತಂದು ಮಾರಬಹುದು, ಮುಳ್ಳು ಕಡಿಮೆ, ಬಾಣಂತಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಒಳ್ಳೆಯದೆಂಬ ನಂಬಿಕೆ ಬೇರೆ. ಹಾಗಾಗಿ ಕಟ್ಲಾ, ರೋಹುಗಿಂತ ಇದರ ದರ ಯಾವಾಗಲೂ ಮೇಲೆ.

ಮಳೆಗಾಲ ಇದರ ಸಂತಾನದ ಕಾಲ. ಜೋಡಿ ಮೀನು ದಂಡೆಯ ಸಮೀಪ ಆಳವಿಲ್ಲದ ಜಾಗದಲ್ಲಿ ಹುಲ್ಲು ಸರಿಸಿ ಗೂಡಿನಂಥ ಬಯಲು ಮಾಡುತ್ತವೆ. ಹಳದಿ ಬಣ್ಣದ ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ, ಒಂದೆರಡು ದಿನದಲ್ಲಿ ಒಡೆಯುತ್ತವೆ. ಆಮೇಲೆ ಮರಿಗಳು ಗುಂಪು ಕಟ್ಟಿಕೊಂಡು ತಿರುಗಲು ಶುರು ಮಾಡುತ್ತವೆ, ಹೆತ್ತವರು ಕೆಳಗಿನಿಂದ ಕಾಯುತ್ತಾರೆ. ವಾರಗಟ್ಟಲೆ ಈ ಕಾವಲು ನಡೆಯುತ್ತದೆ. ಮರಿ ಬೆಳೆದು ಕೆಂಪು ಬಣ್ಣ ಹೋಗಿ ಕಪ್ಪಾದ ಮೇಲೆಯೇ ಸಂಸಾರ ಚದುರುವುದು.

ಬೀಜದ ಜೋಳ ಬೀಸಿ ತಿಂದಂಗ

ಕಾವಲು ಮೀನು ಹೋದರೆ ಮರಿಗಳ ಗತಿ ಏನು ಎಂದು ಕೇಳಬೇಕಾದ್ದಿಲ್ಲ. ಕೆಂಪು ಬಣ್ಣ, ಗುಂಪಾಗಿ ತಿರುಗುವ ಚಾಳಿ, ನಿಮಿಷ ನಿಮಿಷಕ್ಕೂ ಮೇಲೆ ಬಂದು ಉಸಿರಾಡಬೇಕಾದ ಅನಿವಾರ್ಯ. ಬೇರೆ ಮೀನು, ನೀರುಕಾಗೆ, ನೀರುಹಾವು ಎಲ್ಲಕ್ಕೂ ಸುಲಭದ ತುತ್ತು.

ಲೆಕ್ಕ ಹಾಕಿ ನೋಡಿದರೆ ವ್ಯವಹಾರ ಪೂರ್ತಿ ನಷ್ಟದ್ದು. ಮಳೆಗಾಲದಲ್ಲಿ ಹಿಡಿದದ್ದು ಒಂದು ಮೀನು, ಜಮೆ ಕಡೆ ಒಂದೆರಡು ಕಿಲೋ. ಖರ್ಚಿನ ಕಡೆ ಬರೆಯಬೇಕಾದ್ದು ಇಡೀ ಗುಂಪಿನ ನೂರಾರು, ಕೆಲವೊಮ್ಮೆ ಸಾವಿರಾರು ಮರಿ. ಎಲ್ಲ ಮರಿ ಬದುಕುವುದಿಲ್ಲ, ನಿಜ. ಆದರೂ ಹತ್ತು ದೊಡ್ಡದಾದರೆ ಹತ್ತು ಮನೆಗೆ ಊಟ. ಬಿತ್ತಲಿಕ್ಕೆ ಇಟ್ಟ ಜೋಳ ಬೀಸಿ ರೊಟ್ಟಿ ಮಾಡಿದಂಗ ಇದು. ಅವತ್ತಿನ ಹೊಟ್ಟೆ ತುಂಬತದ, ಮುಂದಿನ ವರ್ಷ ಹೊಲ ಖಾಲಿ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಆಫ್ರಿಕಾ ಮೂಲದ ಚಿಲಾಪಿ, ಅಂದರೆ ತಿಲಾಪಿಯಾ, ಭಾರತಕ್ಕೆ ಬಂದದ್ದು 1952 ರಲ್ಲಿ. ಈಗ ಉಜನಿ ಜಲಾಶಯದಿಂದ ಹಿಡಿದು ಊರ ಕೆರೆಯ ತನಕ ಎಲ್ಲೆಲ್ಲೂ ಅದೇ. ತಾಯಿ ಚಿಲಾಪಿ ಮೊಟ್ಟೆ, ಮರಿಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಮೀನು ಸಣ್ಣದಾಗುತ್ತದೆ, ದರ ಬೀಳುತ್ತದೆ. ಚಿಲಾಪಿ ಮರಿಯನ್ನು ತಿಂದು ಹದ್ದಿನಲ್ಲಿಡುವ ಮೀನುಗಳಲ್ಲಿ ಮರಳ ಒಂದು. ಇದು ಮೀನು ಸಾಕುವವರಿಗೆ ಗೊತ್ತಿರುವ ಸಂಗತಿ. ಮರಳ ಕಡಿಮೆಯಾದ ಕೆರೆಯಲ್ಲಿ ಚಿಲಾಪಿಗೆ ಹೇಳುವವರು ಕೇಳುವವರು ಕಡಿಮೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಂಘದವರು ದುಡ್ಡು ಕೊಟ್ಟು ತಂದು ಬಿಟ್ಟ ಕಟ್ಲಾ, ರೋಹು ಮರಿಗಳನ್ನೂ ಮರಳ ತಿನ್ನುತ್ತದೆ. ಹೀಗಾಗಿ ಬಿತ್ತನೆ ಮರಿ ಸಾಕುವ ಸಣ್ಣ ಹೊಂಡಗಳಲ್ಲಿ ಇದಕ್ಕೆ ಪ್ರವೇಶವಿಲ್ಲ. ದೊಡ್ಡ ಕೆರೆಯ ಮಾತು ಬೇರೆ. ಅಲ್ಲಿ ಬೆರಳುದ್ದ ಬೆಳೆದ ಬಿತ್ತನೆ ಮರಿ ಬಿಟ್ಟರೆ ಮರಳಿನ ಬಾಯಿಯಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಜಾಸ್ತಿ.

ಅಲ್ಲಿ ನಿಯಮ, ಇಲ್ಲಿ?

ಲೂರ್ ಹುಟ್ಟಿದ ನಾಡುಗಳಲ್ಲಿ ಗಾಳಕ್ಕೂ ಕಟ್ಟುಪಾಡು ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ನದಿಗಳಲ್ಲಿ ಪೈಕ್ ಮುಂತಾದ ಮೀನಿಗೆ ಮಾರ್ಚ್ 15 ರಿಂದ ಜೂನ್ 15 ರ ವರೆಗೆ ಗಾಳ ಹಾಕುವಂತಿಲ್ಲ. ಗಾಳ ಹಾಕಲು ಲೈಸೆನ್ಸ್ ಬೇಕು. ಇಂಗ್ಲೆಂಡಿನ ನದಿಯಿಂದ ದಿನಕ್ಕೆ ಒಂದೇ ಪೈಕ್, ಅದೂ 65 ಸೆಂಟಿಮೀಟರಿಗಿಂತ ದೊಡ್ಡದಲ್ಲದ್ದು ಮಾತ್ರ ಮನೆಗೆ ಒಯ್ಯಬಹುದು. ದೊಡ್ಡ ಮೀನನ್ನು ಬಿಟ್ಟುಬಿಡಬೇಕು, ಯಾಕೆಂದರೆ ಹೆಚ್ಚು ಮೊಟ್ಟೆ ಇಡುವುದು ಅದೇ. ಮರಿ ಕಾಯದ ಪೈಕ್‌ಗೇ ಇಷ್ಟು ಕಾಳಜಿ ಇದ್ದರೆ, ಮರಿ ಕಾಯುವ ಮರಳಿಗೆ ಎಷ್ಟಿರಬೇಕು?

ನಮ್ಮಲ್ಲಿಯೂ ಈ ವಿಚಾರ ಹೊಸದೇನಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು 1897 ರ ಮೀನುಗಾರಿಕೆ ಕಾಯಿದೆಯಿಂದಲೇ ಅಪರಾಧ. ಆದರೆ ಕಾಯಿದೆ ಊರ ಕೆರೆಯ ಪ್ರತಿ ಜೊಂಡಿನ ಹಿಂದೆ ನಿಂತು ಕಾಯಲಾರದು. ಅಲ್ಲಿ ನಡೆಯುವುದು ಊರವರ ಮಾತು.

ಕೆರೆ ಯಾರದು?

ಸೊಲ್ಲಾಪುರದ ಹತ್ತಿರ 1871 ರಲ್ಲಿ ಮುಗಿದ ಎಕ್ರುಖ ಕೆರೆ, ಅಕ್ಕಲಕೋಟ ತಾಲ್ಲೂಕಿನಲ್ಲಿ ಬೋರಿ ಹೊಳೆಯ ಕುರನೂರ ಡ್ಯಾಮ್, ಮೇಲೆ 117 ಟಿಎಂಸಿಯ ಉಜನಿ, ಗಡಿಯುದ್ದಕ್ಕೂ ಹರಿಯುವ ಭೀಮೆ. ಈ ಭಾಗದಲ್ಲಿ ನೀರು ಎಂದರೆ ಮೊದಲು ಕಬ್ಬು, ಆಮೇಲೆ ಕುಡಿಯುವುದು, ಕಡೆಗೆ ಮೀನು. ಮಹಾರಾಷ್ಟ್ರದಲ್ಲಿ ಕೆರೆಗಳ ಮೀನುಗಾರಿಕೆ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಠೇಕಾ ಕೊಡಲಾಗುತ್ತದೆ. ಸಂಘ ದುಡ್ಡು ಕಟ್ಟಿ, ಮರಿ ಬಿಟ್ಟು, ಮಳೆ ಕೈಕೊಟ್ಟರೆ ನಷ್ಟ ಹೊತ್ತು ಕೂಡುತ್ತದೆ.

ರವಿವಾರ ಬೈಕಿನ ಮೇಲೆ ಬಂದು ಗಾಳ ಹಾಕುವವರಿಗೆ ಇದು ಗೊತ್ತಿರುವುದಿಲ್ಲ. ‘ಕೆರಿ ಸರಕಾರದ್ದಲ್ಲೇನ್ರಿ?’ ಎಂಬ ಮಾತು ಬರುತ್ತದೆ. ಕೆರೆ ಸರ್ಕಾರದ್ದು ಇರಬಹುದು, ಅದರೊಳಗಿನ ಮೀನಿನ ಹಕ್ಕು ಠೇಕಾ ಹಿಡಿದವರದ್ದು. ಕೇಳಿ ಹಾಕಿದರೆ ಜಗಳವಿಲ್ಲ. ಕೊಕ್ಕೆ ಸಿಕ್ಕಿ ಬಲೆ ಹರಿಯುವುದು, ತುಂಡಾದ ದಾರ ನೀರಲ್ಲೇ ಉಳಿದು ಹಕ್ಕಿಗಳ ಕಾಲಿಗೆ ಸುತ್ತುವುದು, ಇವೆಲ್ಲ ಒಂದು ಮಾತಿನಿಂದ ತಪ್ಪುವ ತೊಂದರೆಗಳು.

ಸಂಘಗಳೂ ಒಂದು ಕೆಲಸ ಮಾಡಬಹುದು. ಮಳೆಗಾಲದಲ್ಲಿ ಕೆರೆಯ ಜೊಂಡಿರುವ ಒಂದು ಮೂಲೆಯನ್ನು ಮರಳಿಗೆ ಬಿಟ್ಟುಕೊಟ್ಟು, ಅಲ್ಲಿ ಬಲೆಯೂ ಇಲ್ಲ ಗಾಳವೂ ಇಲ್ಲ ಎಂದು ಕನ್ನಡ-ಮರಾಠಿ ಎರಡರಲ್ಲೂ ಒಂದು ಬೋರ್ಡು ಹಾಕಬಹುದು. ಉಳಿದ ತಿಂಗಳಲ್ಲಿ ಗಾಳದವರಿಂದ ಸಣ್ಣ ಫೀ ತಗೊಂಡು ಚೀಟಿ ಕೊಟ್ಟರೆ ಸಂಘಕ್ಕೂ ನಾಲ್ಕು ಕಾಸು, ಕೆರೆಗೂ ನಾಲ್ಕು ಕಾವಲು ಕಣ್ಣು.

ಗೊತ್ತಿದ್ದವರು ಮರಳ ಹಿಡಿಯಲು ದೀಪಾವಳಿ ದಾಟಲಿ ಎನ್ನುತ್ತಾರೆ. ಅಷ್ಟೊತ್ತಿಗೆ ಮರಿ ಚದುರಿರುತ್ತವೆ, ನೀರು ತಿಳಿಯಾಗಿರುತ್ತದೆ, ಮೀನಿಗೂ ಹಸಿವಿರುತ್ತದೆ. ಆಗ ಕಚ್ಚುವ ಮೀನು ತನ್ನ ಹೊಟ್ಟೆಗಾಗಿ ಕಚ್ಚುತ್ತದೆ. ಅದನ್ನು ಹಿಡಿದರೆ ಹಿಡಿದವರ ಜಾಣತನ.

ಗಾಳ ಹಾಕುವವರ ಗಮನಕ್ಕೆ

* ಜೂನ್‌ನಿಂದ ಸೆಪ್ಟೆಂಬರ್ ತನಕ ಮರಳ ಮೀನಿಗೆ ಗಾಳ ಬೇಡ. ಕೆಂಪು ಮರಿ ಕಂಡ ಕಡೆ ಯಾವ ತಿಂಗಳಾದರೂ ಲೂರ್ ಹಾಕಬಾರದು.

* ಕೆರೆಯ ಠೇಕಾ ಯಾರದೆಂದು ಮೊದಲು ವಿಚಾರಿಸಿ, ಒಪ್ಪಿಗೆ ಪಡೆಯಿರಿ.

* ಬಿಡುವ ಮೀನನ್ನು ಒಣ ಕೈಯಿಂದ ಮುಟ್ಟಬೇಡಿ, ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕಾದ ಕಲ್ಲಿನ ಮೇಲೆ, ಮಣ್ಣಿನಲ್ಲಿ ಇಡಬೇಡಿ. ಕೊಕ್ಕೆ ತೆಗೆಯಲು ಇಕ್ಕಳ ಜತೆಗಿರಲಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡಿಸುವುದು ಸಲೀಸು.

* ಆಫ್ರಿಕನ್ ಮಾಗೂರ್ (ಥಾಯ್ ಮಾಂಗೂರ್) ಸಿಕ್ಕರೆ ಮತ್ತೆ ನೀರಿಗೆ ಬಿಡಬೇಡಿ. ಸ್ಥಳೀಯ ಮೀನುಗಳನ್ನು ನುಂಗುವ ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000 ದಲ್ಲಿ ನಿಷೇಧಿಸಿದೆ.

* ಹರಿದ ದಾರ, ಪ್ಲಾಸ್ಟಿಕ್ ಚೀಲ ಮನೆಗೆ ವಾಪಸ್ ಒಯ್ಯಿರಿ.