ಹಳೆಯ ಕಾರಿನ ಒಳಾಂಗಣ: ಬಣ್ಣಕ್ಕೆ ಬಣ್ಣ ಹೊಂದಿಸುವ ಬಗೆ

ಕಾರ್ಯಕ್ರಮದಲ್ಲಿ ನಾನು ಎರಡು ರೆಕ್ಸಿನ್ ತುಂಡುಗಳನ್ನು ಕ್ಯಾಮೆರಾ ಮುಂದೆ ಹಿಡಿದು, "ಇವುಗಳಲ್ಲಿ ಒಂದು ಹಳೆಯದು, ಒಂದು ಹೊಸದು, ಬಣ್ಣ ಮಾತ್ರ ಒಂದೇ ಅಲ್ಲ" ಎಂದು ಹೇಳಿದ್ದು ವೀಕ್ಷಕರಿಗೆ ನೆನಪಿರಬಹುದು. ಆಮೇಲೆ ಬಂದ ಪತ್ರಗಳಲ್ಲಿ ಹಲವರು, "ನಮಗೇನೋ ಎರಡೂ ಒಂದೇ ಕೆಂಪಾಗಿ ಕಂಡವು, ವ್ಯತ್ಯಾಸ ಎಲ್ಲಿದೆ?" ಎಂದು ಕೇಳಿದ್ದಾರೆ. ಅವರ ಕಣ್ಣಿನಲ್ಲಿ ದೋಷವೇನೂ ಇಲ್ಲ. ಸ್ಟುಡಿಯೋ ದೀಪದ ಕೆಳಗೆ ನನಗೂ ಅವು ಒಂದೇ ಆಗಿ ಕಂಡವು! ಕಾರ್ಯಕ್ರಮ ಮುಗಿದು, ಬಾಗಿಲು ದಾಟಿ ಬಿಸಿಲಿಗೆ ಬಂದ ಕೂಡಲೇ ಒಂದು ಕೆಂಗಂದು, ಇನ್ನೊಂದು ಬದನೆಕಾಯಿಯ ಛಾಯೆ ಹೊಡೆಯುವ ಕೆಂಪು. ಹಳೆಯ ಕಾರುಗಳನ್ನು ಮತ್ತೆ ಮೊದಲಿನಂತೆ ಮಾಡಲು ಹೊರಟವರು ಹಣ ಕಳೆದುಕೊಳ್ಳುವುದು ಬಹುಮಟ್ಟಿಗೆ ಇಲ್ಲಿಯೇ. ಅರ್ಧ ಗಂಟೆಯ ಮಾತಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತ ಕಾರು ನಮ್ಮ ಅಪ್ಪನದು, 1968ರ ಫಿಯಟ್ 1100 ಡಿ. ಇಟಲಿಯ ಫಿಯಟ್ ಕಂಪನಿಯ ವಿನ್ಯಾಸದ ಈ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು 1964ರಿಂದ ತಯಾರಿಸುತ್ತಿದ್ದರು. ಇದೇ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ ಅನಂತರ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡಿತು. ಗೇರು ಸ್ಟೀರಿಂಗ್ ಪಕ್ಕದಲ್ಲಿ. ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ. ನಮ್ಮ ಕಾರಿನಲ್ಲಿ ಸೀಟು, ಡೋರ್ ಪ್ಯಾಡುಗಳು ಕೆಂಗಂದು ರೆಕ್ಸಿನ್. ಒಳಗೆ ಕಾಣುವ ಲೋಹದ ಭಾಗಗಳೆಲ್ಲ ಕೆನೆ ಬಣ್ಣ. ಎಂಜಿನ್ ಕೆಲಸವೂ ಟಿಂಕರಿಂಗ್ ಕೆಲಸವೂ ಏಳೆಂಟು ತಿಂಗಳಲ್ಲಿ ಮುಗಿದವು. ಒಳಗಿನ ಬಣ್ಣಕ್ಕೆ ಎರಡು ವರ್ಷ ಹಿಡಿಯಿತು.

ಹೊರಗಿನ ಬಾಡಿಗೆ ಬಣ್ಣ ಹೊಡೆಯುವುದು ಇದಕ್ಕಿಂತ ಸುಲಭ. ಅಲ್ಲಿ ಇರುವುದು ಒಂದೇ ವಸ್ತು, ತಗಡು. ಬೇಕಾದರೆ ಪೂರ್ತಿ ಕಾರನ್ನೇ ಒಂದೇ ಡಬ್ಬದ ಬಣ್ಣದಲ್ಲಿ ಮುಗಿಸಬಹುದು. ಒಳಗಾದರೋ ರೆಕ್ಸಿನ್ ಇದೆ, ತಗಡು ಇದೆ, ಪ್ಲಾಸ್ಟಿಕ್ ಗುಂಡಿಗಳಿವೆ, ಮೇಲ್ಛಾವಣಿಯ ಒಳಬಟ್ಟೆ, ಬಾಗಿಲಿನ ಬೀಡಿಂಗ್, ನೆಲದ ಹಾಸು ಇವೆ. ಒಂದೊಂದಕ್ಕೂ ಬಣ್ಣ ಬಂದದ್ದು ಬೇರೆ ಬೇರೆ ರಾಸಾಯನಿಕಗಳಿಂದ. ಒಂದೊಂದೂ ಬಿಸಿಲಿಗೆ ಬೇರೆ ಬೇರೆ ರೀತಿ ಮಾಸುತ್ತದೆ. ಕಾರ್ಖಾನೆಯಿಂದ ಬಂದ ದಿನವೂ ಅವು ಅಚ್ಚು ಹಾಕಿದಂತೆ ಒಂದೇ ಆಗಿರಲಿಲ್ಲ; ಒಂದೇ ಮನೆಯ ಮಕ್ಕಳಂತೆ ಇದ್ದವು, ಅಷ್ಟೆ. ಆದ್ದರಿಂದ ಎಲ್ಲವೂ ಅಕ್ಷರಶಃ ಒಂದೇ ಬಣ್ಣವಾಗಬೇಕೆಂದು ಹಟ ಹಿಡಿಯುವುದು ವ್ಯರ್ಥ ಶ್ರಮ.

ಇನ್ನು ಬೆಳಕಿನ ವಿಚಾರ. ಇದನ್ನು ನನಗಿಂತ ಮೊದಲೇ ಬಲ್ಲವರು ನಮ್ಮ ಮನೆಯ ಹೆಂಗಸರು. ಸೀರೆಗೆ ಬ್ಲೌಸ್ ಪೀಸ್ ತೆಗೆಯಲು ಮ್ಯಾಚಿಂಗ್ ಸೆಂಟರಿಗೆ ಹೋದವರು ಅಂಗಡಿಯ ದೀಪವನ್ನು ನಂಬುತ್ತಾರೆಯೇ? ಬಟ್ಟೆಯನ್ನು ಸೀರೆಯ ಸೆರಗಿನ ಮೇಲಿಟ್ಟುಕೊಂಡು ಬೀದಿಯ ಬೆಳಕಿಗೆ ಬರುತ್ತಾರೆ. ನಾನು ಸಂಜೆ ಹೊತ್ತು, ಅಂಗಡಿಯ ಎಲ್‌ಇಡಿ ದೀಪದಲ್ಲಿ ನೋಡಿ ಎಂಟು ಮೀಟರ್ ರೆಕ್ಸಿನ್ ಕತ್ತರಿಸಿಸಿ ತಂದೆ. ಬೆಳಿಗ್ಗೆ ಕಾರಿನ ಬಾಗಿಲ ಮೇಲೆ ಹಾಸಿದಾಗ ಅತ್ತಿಗೆ ಒಂದೇ ನೋಟಕ್ಕೆ, "ಏನಪ್ಪಾ, ಹೊರಗೆ ತಂದು ನೋಡಲೇ ಇಲ್ವಾ?" ಎಂದರು. ಕತ್ತರಿಸಿದ ಮಾಲನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರ್ಯಕ್ರಮದಲ್ಲಿ ತೋರಿಸಿದ 'ಹೊಸ' ತುಂಡು ಅದರದ್ದೇ.

ಇದಕ್ಕೆ ಕಾರಣ ಹೀಗೆ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರೇ ಬಗೆ. ಒಂದು ವಸ್ತುವಿನಿಂದ ಹಿಂತಿರುಗುವ ಬೆಳಕಿನಲ್ಲಿ ನೂರಾರು ತರಂಗಾಂತರಗಳ ಮಿಶ್ರಣವಿದ್ದರೂ ಮಿದುಳಿಗೆ ಹೋಗುವುದು ಈ ಮೂರರ ಲೆಕ್ಕ ಮಾತ್ರ. ಬೇರೆ ಬೇರೆ ಮಿಶ್ರಣಗಳು ಒಂದೇ ಲೆಕ್ಕ ಕೊಟ್ಟರೆ ಕಣ್ಣಿಗೆ ಅವು ಒಂದೇ ಬಣ್ಣ. ದೀಪ ಬದಲಾದ ಕೂಡಲೇ ಮಿಶ್ರಣವೂ ಬದಲಾಗಿ ಲೆಕ್ಕ ತಪ್ಪುತ್ತದೆ. ಇದಕ್ಕೆ ಬಣ್ಣದ ಶಾಸ್ತ್ರದಲ್ಲಿ ಮೆಟಾಮೆರಿಸಂ ಎಂದು ಹೆಸರು. ಹಳೆಯ ರೆಕ್ಸಿನ್‌ಗೆ ಕೆಂಪು ಬಂದದ್ದು ಒಂದು ವರ್ಣದ್ರವ್ಯದಿಂದ, ಇಂದಿನದಕ್ಕೆ ಇನ್ನೊಂದರಿಂದ. ಹಾಗಾಗಿ ಹಳತು ಹೊಸತನ್ನು ಕೂಡಿಸುವಲ್ಲೆಲ್ಲ ಈ ತೊಡಕು ಇದ್ದದ್ದೇ. ಅಗ್ಗದ ಬಿಳಿ ಎಲ್‌ಇಡಿ ದೀಪಗಳಲ್ಲಿ ಗಾಢ ಕೆಂಪಿನ ಅಂಶ ಕಡಿಮೆ ಇರುವುದರಿಂದ ಎರಡು ಕೆಂಪುಗಳ ನಡುವಿನ ಭೇದ ಅಲ್ಲಿ ಮುಚ್ಚಿಹೋಗುತ್ತದೆ.

ಬಣ್ಣದ ಉದ್ಯಮದವರು ಹೋಲಿಕೆಗೆ ಇಟ್ಟುಕೊಂಡಿರುವ ಪ್ರಮಾಣಿತ ಹಗಲು ಬೆಳಕು 6500 ಕೆಲ್ವಿನ್‌ನದು. ಹಳೆಯ ತಂತಿ ಬಲ್ಬಿನ ಬೆಳಕಿಗೆ ಅವರ ಪ್ರಮಾಣ 2856 ಕೆಲ್ವಿನ್. ಒಂದು ಜೋಡಿಯನ್ನು ಈ ಎರಡರಲ್ಲೂ ನೋಡಿಯೇ ತೀರ್ಮಾನ ಹೇಳುತ್ತಾರೆ. ನಮಗೆ ಅಷ್ಟು ಸಲಕರಣೆ ಬೇಡ. ಮೋಡ ಕವಿದ ದಿನ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮನೆಯ ನೆರಳಿನಲ್ಲಿ ಒಮ್ಮೆ, ರಾತ್ರಿ ಕಾರಿನ ಒಳಗಿನ ಬಲ್ಬಿನಲ್ಲಿ ಒಮ್ಮೆ ನೋಡಿದರೆ ಸಾಕು. ಎರಡರಲ್ಲೂ ಹೊಂದದಿದ್ದರೆ ಹಗಲಿನ ತೀರ್ಪನ್ನೇ ಒಪ್ಪಿಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದು ಅಂಗಡಿಗೆ ಕಳಿಸಿ ಬಣ್ಣ ತರಿಸುವವರಿದ್ದಾರೆ. ಕ್ಯಾಮೆರಾ ತನಗೆ ತೋಚಿದಂತೆ ಬಿಳಿಯನ್ನು ತಿದ್ದಿಕೊಳ್ಳುತ್ತದೆ. ನಮ್ಮ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಮೊದಲು ಬಿಳಿ ಹಾಳೆ ಹಿಡಿದು ಕ್ಯಾಮೆರಾವನ್ನು ಸರಿಮಾಡಿಕೊಳ್ಳುವುದು ಇದಕ್ಕಾಗಿಯೇ.

ಈಗ ಮುಖ್ಯ ಪ್ರಶ್ನೆ. ಯಾವುದಕ್ಕೆ ಹೊಂದಿಸಬೇಕು? ಐವತ್ತು ವರ್ಷ ಬಿಸಿಲುಂಡ ಕಾರಿನಲ್ಲಿ 'ನಿಜವಾದ' ಬಣ್ಣ ಎಲ್ಲಿದೆ? ಸೀಟಿನ ಬೆನ್ನು ಕಿಟಕಿಯ ಕಡೆ ಪೇಲವ, ಒಳಗಡೆ ಗಾಢ. ಚಾಲಕನ ಬಾಗಿಲಿನ ಪ್ಯಾಡು ಒಂದು, ಎದುರು ಬಾಗಿಲಿನದು ಇನ್ನೊಂದು. ಗಾಜು ಅತಿನೇರಳೆ ಕಿರಣಗಳಲ್ಲಿ ಕೆಲವನ್ನು ತಡೆದರೂ ಎಲ್ಲವನ್ನೂ ತಡೆಯುವುದಿಲ್ಲ. ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲ್ಭಾಗ 70 ಡಿಗ್ರಿ ದಾಟುವುದೂ ಉಂಟು. ಆ ಕಾವಿಗೆ ರೆಕ್ಸಿನ್ನಿನೊಳಗಿನ ಮೃದುಕಾರಕ ಆರಿಹೋಗಿ ಮೈ ಗಡುಸಾಗುತ್ತದೆ, ತಿಳಿ ಬಣ್ಣಗಳು ಹಳದಿಗೆ ತಿರುಗುತ್ತವೆ.

ಆದರೆ ಪ್ರತಿಯೊಂದು ಕಾರಿನಲ್ಲೂ ಬಿಸಿಲು ಕಾಣದ ಮೂಲೆಗಳಿವೆ. ಕೈ ಊರುವ ಆರ್ಮ್‌ರೆಸ್ಟ್ ಬಿಚ್ಚಿದರೆ ಅದರ ಅಡಿಯಲ್ಲಿ. ಗಾಜು ಇಳಿಸುವ ಹಿಡಿಯ ಹಿಂದಿನ ದುಂಡು ಬಿಲ್ಲೆಯ ಕೆಳಗೆ. ಡೋರ್ ಪ್ಯಾಡಿನ ಹಿಂಬದಿಗೆ ಮಡಿಚಿ ಅಂಟಿಸಿರುವ ರೆಕ್ಸಿನ್ನಿನ ಅಂಚಿನಲ್ಲಿ. ಸೀಟಿನ ಹೊಲಿಗೆಯ ಮಡಿಕೆಯೊಳಗೆ. ಲೋಹಕ್ಕಾದರೆ ಬೀಡಿಂಗ್ ಎಳೆದು ತೆಗೆದ ಅಂಚಿನಲ್ಲಿ. ಅಲ್ಲಿ ಕಾರ್ಖಾನೆಯ ಬಣ್ಣ ಹೆಚ್ಚು ಕಡಿಮೆ ಹಾಗೆಯೇ ಉಳಿದಿರುತ್ತದೆ.

ನಮ್ಮ ಕಾರಿನ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಸೀಟುಗಳನ್ನೂ ಮೂರು ಬಾಗಿಲಿನ ಪ್ಯಾಡುಗಳನ್ನೂ ನಗರದ ಒಬ್ಬ ಕುಷನ್ ಕೆಲಸದವರಿಗೆ ಕೊಟ್ಟು ಬಂದೆ. ಹಳೆಯ ರೆಕ್ಸಿನ್ ಜೋಪಾನವಾಗಿಡಿ ಎಂದು ಹೇಳಲಿಲ್ಲ. ಅವರು ರೂಢಿಯಂತೆ ಸುಲಿದು, ಅಳತೆ ತೆಗೆದುಕೊಂಡು, ಕಸಕ್ಕೆ ಹಾಕಿದರು. ಮಾರನೆಯ ದಿನ ಓಡಿಹೋಗಿ ಕೇಳಿದೆ, "ಅದೇನು ಸಾರ್, ಹರಿದ ಗುಜರಿ!" ಎಂದರು. ಅವರನ್ನು ದೂರುವಂತಿಲ್ಲ. ಪುಣ್ಯಕ್ಕೆ ಎಡಗಡೆಯ ಹಿಂಬಾಗಿಲಿನ ಪ್ಯಾಡು ಸ್ಕ್ರೂ ತುಕ್ಕು ಹಿಡಿದು ಬಿಚ್ಚಲು ಬಾರದೆ ಕಾರಿನಲ್ಲೇ ಉಳಿದಿತ್ತು. ಅದರ ಆರ್ಮ್‌ರೆಸ್ಟಿನ ಅಡಿಯಲ್ಲಿ ಎರಡು ಬೆರಳಗಲ ಅಪ್ಪಟ ಕೆಂಗಂದು ಸಿಕ್ಕಿತು. ಅಷ್ಟು ಇಲ್ಲದಿದ್ದರೆ ಉಳಿದದ್ದು ಬರೀ ನೆನಪಿನ ಬಣ್ಣ. ನೆನಪಿನ ಬಣ್ಣ ಎಷ್ಟು ಮೋಸದ್ದೆಂದರೆ, ಅಣ್ಣ ಆ ಸೀಟುಗಳು ಕಾಫಿ ಬಣ್ಣ ಎಂದೇ ವಾದಿಸುತ್ತಿದ್ದ.

ಮರೆಯಲ್ಲಿದ್ದ ಬಣ್ಣವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಎಣ್ಣೆ ಅಂಶದ ಎನಾಮಲ್ ಬಣ್ಣ ಕತ್ತಲೆಯಲ್ಲಿ ಇದ್ದಷ್ಟು ಕಾಲ ಹಳದಿಯಾಗುತ್ತದೆ! ಬೀಡಿಂಗ್ ಕೆಳಗೆ ಸಿಕ್ಕ ನಮ್ಮ ಕೆನೆ ಬಣ್ಣ ಬೆಣ್ಣೆಯಷ್ಟು ಹಳದಿಯಾಗಿತ್ತು. ಆ ಅಂಚನ್ನು ಕೆಲವು ವಾರ ಹಗಲು ಬೆಳಕಿಗೆ ತೆರೆದಿಟ್ಟಾಗ ಹಳದಿ ಬಹುಪಾಲು ಇಳಿಯಿತು. ರೆಕ್ಸಿನ್ನಿಗಾದರೆ ಹಿಂದಿನ ಗೋಂದಿನ ಕಲೆ ಮುಂದಕ್ಕೆ ಇಳಿದಿರುತ್ತದೆ. ಹೊಲಿಗೆಯಿಂದ ದೂರದ ಜಾಗವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಏನೇ ಇರಲಿ, ಹೋಲಿಸುವ ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆಯಿರಿ. ಅರ್ಧ ಶತಮಾನದ ಬೆವರು, ಧೂಳು, ಬೀಡಿ ಹೊಗೆಯೂ ಒಂದು ಬಣ್ಣವೇ.

ಇಲ್ಲಿ ಮಾಲೀಕರು ಒಂದು ತೀರ್ಮಾನ ಮಾಡಬೇಕು, ಅದೂ ಬಣ್ಣ ಕೊಳ್ಳುವ ಮೊದಲೇ. ಒಳಗಿನದೆಲ್ಲ ಹೊಸದಾಗಿ ಮಾಡುವುದಾದರೆ ಮರೆಯಲ್ಲಿ ಉಳಿದ ಮೂಲ ಬಣ್ಣಕ್ಕೆ ಹೊಂದಿಸಬೇಕು. ಒಂದೆರಡು ಭಾಗ ಮಾತ್ರ ಹೋಗಿದ್ದರೆ, ಅವುಗಳ ಪಕ್ಕದಲ್ಲಿ ಕುಳಿತಿರುವ ಮಾಸಿದ ಬಣ್ಣಕ್ಕೇ ಹೊಂದಿಸಬೇಕು. ಎರಡನ್ನೂ ಅರೆಬರೆ ಮಾಡಿದ ಕಾರು, ಹೊಸ ಹಲ್ಲು ಕಟ್ಟಿಸಿಕೊಂಡ ಮುದುಕರ ನಗೆಯಂತೆ ಕಾಣುತ್ತದೆ.

ಬಣ್ಣ ಬೆರೆಸುವುದು ಅನುಭವದ ಕೆಲಸವಾದರೂ ಕೆಲವು ಮಾತು ಬರೆಯಬಹುದು. ಕೆನೆ ಬಣ್ಣ ಸ್ವಲ್ಪ ಗಾಢವಾಗಲಿ ಎಂದು ನಾನು ಕಪ್ಪಿನ ಡಬ್ಬಕ್ಕೆ ಕೈಹಾಕಿದಾಗ ಪೇಂಟರ್ ಮೇಸ್ತ್ರಿ ತಡೆದು, "ಕಪ್ಪು ಬೇಡ ಸಾರ್, ಹಸಿರು ಹೊಡೆಯುತ್ತೆ" ಎಂದರು. ಹಳದಿಗೆ ಕಪ್ಪು ಸೇರಿದರೆ ಪಾಚಿಯ ಬಣ್ಣ ಬರುತ್ತದೆ ಎಂಬುದನ್ನು ಅವರು ಪುಸ್ತಕ ಓದಿ ತಿಳಿದದ್ದಲ್ಲ. ಕೆನೆಯನ್ನು ಇಳಿಸಬೇಕಾದರೆ ಕಾವಿಯ ಜಾತಿಯ ಕಂದು, ಅಂದರೆ ಕಬ್ಬಿಣದ ಆಕ್ಸೈಡು, ಹನಿ ಹನಿಯಾಗಿ ಹಾಕಬೇಕು. ಈ ಆಕ್ಸೈಡು ಬಣ್ಣಗಳು ಬಿಸಿಲಿಗೂ ಗಟ್ಟಿ. ಯಾವಾಗಲೂ ತಿಳಿ ಬಣ್ಣಕ್ಕೆ ಗಾಢವನ್ನು ಸೇರಿಸಿ. ಗಾಢಕ್ಕೆ ತಿಳಿ ಸೇರಿಸುತ್ತ ಹೋದರೆ ಒಂದು ಬಕೆಟ್ ಬಣ್ಣವಾದರೂ ಗುರಿ ಮುಟ್ಟುವುದಿಲ್ಲ. ಮೊದಲು 100 ಗ್ರಾಂ ಮಾತ್ರ ಮಾಡಿ. ಹಾಕಿದ್ದನ್ನೆಲ್ಲ ಅಕ್ಕಸಾಲಿಗರ ತಕ್ಕಡಿಯಂಥ ಸಣ್ಣ ತೂಕದಲ್ಲಿ ತೂಗಿ ಬರೆದಿಡಿ. ಹಸಿ ಬಣ್ಣವನ್ನು ನೋಡಿ ತೀರ್ಪು ಕೊಡಬೇಡಿ. ಒಣಗಿದ ಮೇಲೆ ಅದು ಬೇರೆಯೇ. ಪರೀಕ್ಷೆಯ ತುಂಡಿಗೂ ನಿಜವಾದ ಭಾಗಕ್ಕೆ ಹೊಡೆಯುವ ಪ್ರೈಮರನ್ನೇ, ಅಷ್ಟೇ ಕೋಟುಗಳನ್ನೇ ಹೊಡೆಯಬೇಕು. ತಿಳಿ ಬಣ್ಣದಲ್ಲಿ ಅಡಿಯ ಪ್ರೈಮರ್ ಇಣುಕುತ್ತದೆ. ಸರಿಹೋದ ಮೇಲೆ ಬೇಕಾದಷ್ಟನ್ನೂ, ಮೇಲೆ ಕಾಲು ಭಾಗವನ್ನೂ ಒಂದೇ ಸಲ ಬೆರೆಸಿಕೊಳ್ಳಿ.

ನೋಡುವಾಗ ಇನ್ನೊಂದು ಎಚ್ಚರ. ಕೆಂಪು ರೆಕ್ಸಿನ್ ಪಕ್ಕದಲ್ಲಿಟ್ಟ ಕೆನೆ ಬಣ್ಣ ಕಣ್ಣಿಗೆ ತುಸು ಹಸಿರಾಗಿ ಕಾಣುತ್ತದೆ. ಅದು ಕಣ್ಣಿನ ಆಟ, ಬಣ್ಣದ ದೋಷವಲ್ಲ. ಬೂದು ರಟ್ಟಿನಲ್ಲಿ ಕಿಟಕಿಯಂತೆ ತೂತು ಕೊರೆದು, ಅದರೊಳಗೆ ಎರಡು ತುಂಡುಗಳೂ ಅಂಚಿಗೆ ಅಂಚು ಕೂಡುವಂತೆ ಇಟ್ಟು ನೋಡಿದರೆ ಸುತ್ತಲಿನ ಬಣ್ಣದ ಕಾಟ ತಪ್ಪುತ್ತದೆ.

ಬಣ್ಣ ಸರಿಯಿದ್ದೂ ಕಣ್ಣಿಗೆ ಹೊಂದದಿದ್ದರೆ ಹೊಳಪನ್ನು ಶಂಕಿಸಿ. ಒಂದೇ ಬಣ್ಣ ಹೊಳೆಯುವಾಗ ಗಾಢ, ಮಂಕಾದಾಗ ತಿಳಿ. ಹೊಸ ಭಾಗಗಳು ಅಂಗಡಿಯ ಗಾಜಿನಂತೆ ಮಿರುಗಿದರೆ ಯಾವ ಬಣ್ಣ ಹಾಕಿಯೂ ಪ್ರಯೋಜನವಿಲ್ಲ. ಹೊಳಪು ತಗ್ಗಿಸುವ ಪುಡಿ ಬೆರೆಸಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರೆಕ್ಸಿನ್ ಹುಡುಕುವಾಗಲೂ ಬಣ್ಣಕ್ಕಿಂತ ಮೊದಲು ಮೈಯ ಗೆರೆಗಳನ್ನು ನೋಡಿ. ಬಣ್ಣವನ್ನು ಆಮೇಲೆ ತಿದ್ದಬಹುದು, ಗೆರೆಯನ್ನು ತಿದ್ದಲಾಗದು. ರೆಕ್ಸಿನ್ನಿಗೆ ಬಳಿಯಲು ಅದಕ್ಕೆಂದೇ ಮಾಡಿದ, ಬಾಗಿದರೂ ಬಿರಿಯದ ಬಣ್ಣವಿದೆ. ಬಾಗಿಲಿಗೆ ಹೊಡೆಯುವ ಮಾಮೂಲು ಪೇಂಟು ಹಾಕಿದರೆ ಮೊದಲ ಬೇಸಿಗೆಗೇ ಸಿಪ್ಪೆ ಏಳುತ್ತದೆ. ಬಣ್ಣ ಅಳೆಯುವ ಯಂತ್ರವಿರುವ ಪೇಂಟು ಅಂಗಡಿಗಳಿವೆ, ಸಹಾಯ ಪಡೆಯಿರಿ. ನಯವಾದ ತಗಡಿನ ಮೇಲೆ ಅದು ಚೆನ್ನಾಗಿ ಅಳೆಯುತ್ತದೆ, ಗೆರೆಗಳಿರುವ ರೆಕ್ಸಿನ್ ಮೇಲೆ ಅಷ್ಟು ನಂಬಿಕೆ ಸಲ್ಲದು.

"ಬಣ್ಣ ತಪ್ಪಿದರೆ ಆರ್‌ಟಿಓದವರು ಒಪ್ಪುತ್ತಾರೆಯೇ?" ಎಂದು ಒಬ್ಬ ವೀಕ್ಷಕರು ಕೇಳಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲಿ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರಗಳ ನಂಬರು ಪಡೆಯಬಹುದು. ಅಲ್ಲಿ ಕೇಳುವುದು ಚಾಸಿ, ಬಾಡಿ, ಎಂಜಿನ್ ಬದಲಾಗಿದೆಯೇ ಎಂದು. ಡೋರ್ ಪ್ಯಾಡಿನ ಕೆಂಪು ಯಾವ ಕೆಂಪು ಎಂದು ಕೇಳುವವರು ರ‍್ಯಾಲಿಗಳ ತೀರ್ಪುಗಾರರು, ಮತ್ತೆ ಮನೆಯವರು.

ಮನೆಯವರ ಮಾತು ಬಂದದ್ದರಿಂದ ಒಂದು ಸಂಗತಿ. ಚಾಲಕನ ಬಾಗಿಲಿನ ಆರ್ಮ್‌ರೆಸ್ಟಿನ ಮೇಲೆ ಅಪ್ಪನ ಮೊಣಕೈ ಊರಿ ಊರಿ ಬಣ್ಣ ಸವೆದು, ಅಂಗೈಯಗಲ ಜಾಗ ನುಣುಪಾಗಿತ್ತು. ಬಣ್ಣ ಸಿದ್ಧವಾಗಿತ್ತು, ಮೇಸ್ತ್ರಿಯ ಕೈಯಲ್ಲಿ ಗನ್ನೂ ಇತ್ತು. ಅದಕ್ಕೆ ಮಾತ್ರ ಹೊಡೆಸಲಿಲ್ಲ. ಸುತ್ತಲಿನ ಪ್ಯಾಡಿನ ಜೊತೆ ಅದು ಹೊಂದುವುದಿಲ್ಲ, ನಿಜ. ನೋಡಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದೀರಿ ಎನ್ನುತ್ತಾರೆ.

ಎಡಗಡೆ ಹಿಂಬಾಗಿಲಿನ ಪ್ಯಾಡಿಗೆ ಬಣ್ಣ ಹೊಡೆಸುವಾಗ ಆ ಎರಡು ಬೆರಳಗಲದ ಮೂಲ ಕೆಂಗಂದಿನ ಮೇಲೆ ಟೇಪು ಅಂಟಿಸಿ ಉಳಿಸಿಕೊಂಡೆವು. ಬಣ್ಣದ ತೂಕಗಳನ್ನು ಬರೆದ ಚೀಟಿ ಕಾರಿನ ಆರ್‌ಸಿ ಪುಸ್ತಕದೊಳಗಿದೆ. ಮುಂದೆ ಯಾರಾದರೂ ಈ ಕಾರಿನ ಬಣ್ಣ ಹೊಂದಿಸಬೇಕಾದರೆ ಎರಡು ಸ್ಕ್ರೂ ಬಿಚ್ಚಿ, ಆರ್ಮ್‌ರೆಸ್ಟ್ ಎತ್ತಿ, ಹಗಲು ಬೆಳಕಿನಲ್ಲಿ ನೋಡಿದರಾಯಿತು.