ಚೆಸ್ ರೇಟಿಂಗ್ ಅಳೆಯೋದು ಬರೀ ಆಟವನ್ನಲ್ಲ

ಬಲ್ಮಠದಲ್ಲೊಂದು ರ್‍ಯಾಪಿಡ್ ಚೆಸ್ ಟೂರ್ನಿ ಅಂದುಕೊಳ್ಳಿ. ಒಬ್ಬಳ ರೇಟಿಂಗ್ 1700, ಎದುರು ಕೂತವನದ್ದು 1500. ಇಬ್ಬರಿಗೂ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ.

200 ಅಂಕ ಮೇಲಿರುವವರು 100 ಆಟಗಳಲ್ಲಿ 76 ಅಂಕ ಗಳಿಸಬೇಕು ಅನ್ನೋದು ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿರೀಕ್ಷೆ. ಹಾಗಾಗಿ ಅವಳು ಗೆದ್ದರೆ ರೇಟಿಂಗ್‌ಗೆ ಸೇರೋದು 4.8 ಅಂಕ, ಅವನು ಗೆದ್ದರೆ 15.2. ಜಾತಿ, ಊರು, ಇಂಗ್ಲಿಷ್ ಯಾವುದನ್ನೂ ಕೇಳದ ಈ ಲೆಕ್ಕ ನನಗಿಷ್ಟ.

ಆದ್ರೆ ಲೆಕ್ಕದೊಳಗೆ ಬರೋದೇ ಕಷ್ಟ. ಮೊದಲ ರೇಟಿಂಗ್ ಸಿಗಬೇಕಾದರೆ ರೇಟಿಂಗ್ ಇರುವ ಕನಿಷ್ಠ 5 ಮಂದಿಯ ಎದುರು ಆಡಿರಬೇಕು. ಅಂದರೆ ಟೂರ್ನಿಗೆ ಹೋಗಬೇಕು, ಪ್ರವೇಶ ಶುಲ್ಕ ಕಟ್ಟಬೇಕು, ಮನೆಯವರು ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಬರಬೇಕು. ಸುಳ್ಯದ ಹುಡುಗಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸು ಉಚಿತ, ಟೂರ್ನಿ ಉಚಿತವಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಎಷ್ಟೋ ಮಂದಿ ಆಟ ಬಾರದವರಲ್ಲ, ಆಡಲು ಅವಕಾಶ ಸಿಗದವರು.

ಬಲ್ಮಠದಲ್ಲೇ ಸರ್ಕಾರಿ ಮಹಿಳಾ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ಶುಲ್ಕವಿಲ್ಲದ ರೇಟೆಡ್ ಟೂರ್ನಿ ನಡೆಸಿ ಅಂತ ಕ್ರೀಡಾ ಇಲಾಖೆಯನ್ನು ನಾವು ಕೇಳಬೇಕು. ಸ್ಟೇಡಿಯಂ ಕಟ್ಟುವಷ್ಟು ದುಡ್ಡೇನೂ ಇದಕ್ಕೆ ಬೇಡ.